ಕಣ್ಣಿಗೆ ಏನಾದ್ರೂ ಬಿದ್ರೆ, ಚುಚ್ಚಿದ್ರೆ: ಮೊದ್ಲು ಉಜ್ಜೋ ಕೈನ ತಡೀರಿ

ಕಣ್ಣಿಗೆ ಕಸ ಬಿದ್ದ ತಕ್ಷಣ ಕೈ ತಾನಾಗೇ ಅಲ್ಲಿಗೆ ಹೋಗ್ಬಿಡತ್ತೆ, ಯಾರೂ ಹೇಳ್ಕೊಡ್ಬೇಕಾಗಿಲ್ಲ. ತಾಲೂಕು ಆಸ್ಪತ್ರೆ ಕಣ್ಣಿನ ವಿಭಾಗದಲ್ಲಿ ಇಷ್ಟು ವರ್ಷ ಕೂತು ನಾನು ನೋಡಿರೋದು ಏನಂದ್ರೆ, ಬಿದ್ದಿದ್ದು ಸಣ್ಣ ಧೂಳಿನ ಕಣ ಆಗಿರತ್ತೆ, ಆದ್ರೆ ಅದನ್ನ ತೆಗೆಯಕ್ಕೆ ಅಂತ ಹೋದ ಕೈ, ಸೆರಗಿನ ತುದಿ, ಬೆಂಕಿಕಡ್ಡಿ, ಸೂಜಿ, ಕೆಲವು ಊರಲ್ಲಿ ನಾಲಿಗೆ ಕೂಡ, ಇವೆಲ್ಲ ಸೇರಿ ಎರಡು ದಿನದಲ್ಲಿ ವಾಸಿ ಆಗೋ ಗಾಯನ ಎರಡು ತಿಂಗಳ ಗೋಳು ಮಾಡಿಟ್ಟಿರ್ತವೆ. ಅದಕ್ಕೇ ಈ ಲೇಖನದಲ್ಲಿ ಏನು ಮಾಡ್ಬೇಕು ಅನ್ನೋದ್ರ ಜೊತೆಗೆ ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದನ್ನೂ ಬರೀತಿದೀನಿ. ದಯವಿಟ್ಟು ಪೂರ್ತಿ ಓದಿ, ಮನೇಲಿ ಮಕ್ಕಳಿದ್ರೆ, ಯಾರಾದ್ರೂ ಗ್ಯಾರೇಜು ವರ್ಕ್‌ಶಾಪಲ್ಲಿ ಕೆಲಸ ಮಾಡ್ತಿದ್ರೆ, ಹೊಲ ಗದ್ದೆ ಇದ್ರೆ ಅವರಿಗೂ ಓದಿ ಹೇಳಿ.

ಮೊದ್ಲು ಕೇಳ್ಬೇಕಾದ ಪ್ರಶ್ನೆ: ಹೆಂಗಾಯ್ತು?

ಕಣ್ಣು ಬಿಡಿಸಿ ನೋಡೋಕೆ ಮುಂಚೆ ಇದನ್ನ ಕೇಳಿ. ಗಾಳಿಗೆ ಹಾರಿ ಬಂದು ಬಿತ್ತಾ, ಇಲ್ಲಾ ಜೋರಾಗಿ ಬಂದು ಹೊಡೀತಾ? ಬೈಕಲ್ಲಿ ಹೋಗೋವಾಗ ಬಿದ್ದ ಧೂಳು, ರೆಪ್ಪೆ ಕೂದಲು, ಸಣ್ಣ ಹುಳ, ಇವು ಸಾಮಾನ್ಯವಾಗಿ ಕಣ್ಣಿನ ಮೇಲ್ಮೈಲೇ ಇರ್ತವೆ, ಮನೇಲೇ ತೊಳೆದು ತೆಗೀಬಹುದು. ಸುತ್ತಿಗೆಯಿಂದ ಕಬ್ಬಿಣ ಹೊಡೀತಿದ್ದಾಗ ಸಿಡಿದಿದ್ದು, ಗ್ರೈಂಡರ್ ಅಥವಾ ಹುಲ್ಲು ಕತ್ತರಿಸೋ ಮೆಷಿನ್‌ನಿಂದ ಹಾರಿದ್ದು, ಪಟಾಕಿ ಸಿಡಿದಿದ್ದು, ಗಾಜು ಒಡೆದಿದ್ದು, ಕಡ್ಡಿ ಮುಳ್ಳು ಪೆನ್ಸಿಲ್ ಚುಚ್ಚಿದ್ದು, ಇವು ಬೇರೆ ಜಾತಿ. ಇಲ್ಲಿ ವಸ್ತು ಕಣ್ಣೊಳಗೋ ಕಣ್ಣಿನ ಗೂಡಿನೊಳಗೋ ಹೊಕ್ಕಿರಬಹುದು, ಹೊರಗಡೆ ಏನೂ ಕಾಣದೇ ಇದ್ರೂ. ಮೂರನೇದು ಸುಣ್ಣ, ಆಸಿಡ್, ಬ್ಲೀಚಿಂಗ್ ಪೌಡರ್, ಹೊಲಕ್ಕೆ ಹೊಡೆಯೋ ಔಷಧಿ. ಅಲ್ಲಿ ಪ್ರಶ್ನೆ ಗಿಶ್ನೆ ಏನೂ ಬೇಡ, ಸೀದಾ ನೀರಿಗೆ ಓಡ್ಬೇಕು.

ಧೂಳು, ಕಸ, ರೆಪ್ಪೆ ಕೂದಲು

ಕೈನ ಸೋಪು ಹಾಕಿ ತೊಳ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರೆ ತೆಗೀರಿ. ಒಂದೆರಡು ನಿಮಿಷ ಸುಮ್ನೆ ರೆಪ್ಪೆ ಬಡೀತಾ ಇರಿ, ನೀರು ತಾನಾಗೇ ಬರತ್ತೆ, ಅರ್ಧಕ್ಕರ್ಧ ಕಸ ಅದ್ರಲ್ಲೇ ಮೂಗಿನ ಕಡೆ ಮೂಲೆಗೆ ಬಂದು ಸೇರ್ಕೊಳತ್ತೆ. ಬರ್ಲಿಲ್ಲ ಅಂದ್ರೆ ಮೇಲಿನ ರೆಪ್ಪೆ ಕೂದಲನ್ನ ಹಿಡ್ದು ಮೆಲ್ಲಗೆ ಮುಂದಕ್ಕೆ ಎಳೆದು ಕೆಳಗಿನ ರೆಪ್ಪೆ ಮೇಲೆ ಇಳಿಸಿ ಬಿಡಿ, ಕೆಳಗಿನ ಕೂದಲು ಬ್ರಷ್ ತರ ಮೇಲಿನ ರೆಪ್ಪೆ ಒಳಮೈನ ಗುಡಿಸತ್ತೆ. ಆಮೇಲೆ ನೀರು. ಕುದಿಸಿ ಆರಿಸಿದ ನೀರಿದ್ರೆ ಒಳ್ಳೇದು, ಇಲ್ಲಾಂದ್ರೆ ಕುಡಿಯೋ ನೀರೇ ಸಾಕು. ತಲೆನ ಗಾಯ ಆದ ಕಣ್ಣಿನ ಕಡೆಗೆ ವಾಲಿಸಿ, ಮೂಗಿನ ಪಕ್ಕದಿಂದ ಕಿವಿ ಕಡೆಗೆ ಹರಿಯೋ ಹಾಗೆ ಲೋಟದಿಂದ ಸಣ್ಣಗೆ ಹುಯ್ಯಿರಿ, ಇಲ್ದಿದ್ರೆ ಈ ಕಣ್ಣಿನ ಕಸ ಆ ಕಣ್ಣಿಗೆ ಹೋಗತ್ತೆ. ನಲ್ಲಿ ಕೆಳಗೆ ಕಣ್ಣಿಟ್ಟು ಪೂರ್ತಿ ಜೋರಾಗಿ ಬಿಡಬೇಡಿ.

ರೆಪ್ಪೆ ಬಡಿದಾಗ್ಲೆಲ್ಲ ಒಂದೇ ಜಾಗದಲ್ಲಿ ಗೀರಿದ ಹಾಗಾಗ್ತಿದ್ರೆ ಕಸ ಮೇಲಿನ ರೆಪ್ಪೆ ಒಳಗಡೆ ಅಂಟ್ಕೊಂಡಿದೆ ಅಂತ ಅನುಮಾನ ಪಡಿ. ಅಭ್ಯಾಸ ಇರೋರು ಆ ರೆಪ್ಪೆನ ಕಿವಿಗೆ ಹಾಕೋ ಬಡ್ಸ್ ಮೇಲೆ ಮಗುಚಿ, ಇನ್ನೊಂದು ಒದ್ದೆ ಬಡ್ಸಲ್ಲಿ ಮುಟ್ಟಿದ್ರೆ ಬಂದ್ಬಿಡತ್ತೆ. ಅಭ್ಯಾಸ ಇಲ್ಲದೋರು ಕಣ್ಣಿನ ಆಸ್ಪತ್ರೆಗೆ ಬನ್ನಿ, ನಮಗದು ಅರ್ಧ ನಿಮಿಷದ ಕೆಲಸ.

ಈಗ ನಿಲ್ಲಿಸೋ ಗೆರೆ ಯಾವ್ದು ಅಂದ್ರೆ, ಕಸ ಕಣ್ಣಿನ ಕಪ್ಪು ಭಾಗದ ಮೇಲೆ ಕೂತಿದೆ, ತೊಳೆದ್ರೂ ಅಲ್ಲಾಡ್ತಿಲ್ಲ ಅಂದ್ರೆ ಅಲ್ಲಿಗೆ ನಿಮ್ಮ ಕೆಲಸ ಮುಗೀತು. ಆ ಕಪ್ಪು ಭಾಗದ ಮುಂದೆ ಗಾಜಿನ ತರ ಇರೋ ಪದರ, ಕಾರ್ನಿಯಾ ಅಂತೀವಲ್ಲ, ಅದರ ದಪ್ಪ ನಡುವಲ್ಲಿ ಅರ್ಧ ಮಿಲಿಮೀಟರ್‌ಗಿಂತ ಚೂರೇ ಚೂರು ಜಾಸ್ತಿ. ಬಡ್ಸಲ್ಲೂ ಮುಟ್ಟಬೇಡಿ. ಕಸ ಹೋದ್ಮೇಲೂ ಒಂದು ದಿನ ಚುಚ್ಚಿದ ಹಾಗೆ ಆಗಬಹುದು, ಗೀರಿದ ಗಾಯ ಅದು. ಮಾರನೇ ದಿನಕ್ಕೂ ಕಡಿಮೆ ಆಗ್ಲಿಲ್ಲ, ಮಬ್ಬಾಗ್ತಿದೆ, ಬೆಳಕು ನೋಡಕ್ಕಾಗ್ತಿಲ್ಲ ಅಂದ್ರೆ ತೋರಿಸ್ಲೇಬೇಕು.

ಗ್ರೈಂಡರ್ ಕಿಡಿ

ಫ್ಯಾಬ್ರಿಕೇಶನ್ ಶಾಪ್ ಹುಡುಗ್ರು ನಮ್ಮಲ್ಲಿಗೆ ಬರೋದು ಸಾಮಾನ್ಯವಾಗಿ ಮೂರನೇ ದಿನ. ಮೊದಲನೇ ದಿನ ಪಕ್ಕದಲ್ಲಿ ಕೆಲಸ ಮಾಡೋ ಅಣ್ಣನೇ ಕಾಗದ ಚೂಪಾಗಿ ಮಡಚಿ ಕೆರೆದಿರ್ತಾನೆ, ಇಲ್ಲಾ ಅಯಸ್ಕಾಂತ ಹಿಡ್ದು ನೋಡಿರ್ತಾನೆ. ಕಬ್ಬಿಣದ ಬಿಸಿ ಕಣ ಕಾರ್ನಿಯಾ ಮೇಲೆ ಸುಟ್ಕೊಂಡು ಕೂರತ್ತೆ, ಕಣ್ಣೀರಿನ ತೇವಕ್ಕೆ ಒಂದು ದಿನ ಆಗೋದ್ರೊಳಗೆ ಅದರ ಸುತ್ತ ತುಕ್ಕು ಹಿಡಿಯಕ್ಕೆ ಶುರುವಾಗತ್ತೆ. ಸ್ಲಿಟ್ ಲ್ಯಾಂಪಲ್ಲಿ, ಅಂದ್ರೆ ಕಣ್ಣನ್ನ ದೊಡ್ಡದು ಮಾಡಿ ತೋರಿಸೋ ಯಂತ್ರದಲ್ಲಿ, ನೋಡಿದ್ರೆ ಹಳೇ ಮೊಳೆ ಕಿತ್ತ ಗೋಡೆ ಮೇಲೆ ಉಳಿಯೋ ಕಂದು ಬಣ್ಣದ ಉಂಗುರ ಇರತ್ತಲ್ಲ, ಥೇಟ್ ಅದೇ. ಕಣ ಬಂದ್ರೂ ಆ ತುಕ್ಕಿನ ಉಂಗುರ ಉಳ್ಕೊಂಡ್ರೆ ಉರಿ ನಿಲ್ಲಲ್ಲ, ಗಾಯ ಮಾಗಲ್ಲ, ಅದನ್ನ ಡಾಕ್ಟ್ರು ಮರಗಟ್ಟಿಸೋ ಡ್ರಾಪ್ಸ್ ಹಾಕಿ, ದೊಡ್ಡದಾಗಿ ಕಾಣೋ ಯಂತ್ರದಡಿ ನೋಡ್ಕೊಂಡು ತೆಗೀತಾರೆ. ಆ ಮರಗಟ್ಟಿಸೋ ಡ್ರಾಪ್ಸ್ ಹಾಕಿದ ಕ್ಷಣಕ್ಕೆ ಸ್ವರ್ಗ ಸಿಕ್ಕಂಗಾಗತ್ತೆ, ಅದಕ್ಕೆ ಕೆಲವ್ರು ಅದೇ ಕೊಡಿ ಮನೆಗೆ ಒಯ್ತೀನಿ ಅಂತಾರೆ. ಕೊಡಲ್ಲ. ಪದೇ ಪದೇ ಹಾಕಿದ್ರೆ ಕಾರ್ನಿಯಾ ಮಾಗೋದೇ ನಿಂತು ಕರಗಕ್ಕೆ ಶುರುವಾಗತ್ತೆ, ನೋವು ಗೊತ್ತಾಗದೇ ಇರೋದ್ರಿಂದ ನಿಮಗೆ ಸುಳಿವೂ ಸಿಗಲ್ಲ.

ವೆಲ್ಡಿಂಗ್ ಮಾಡೋರಿಗೆ ಒಂದು ಮಾತು. ಸಂಜೆ ಚೆನ್ನಾಗೇ ಇದ್ದು ರಾತ್ರಿ ಎರಡೂ ಕಣ್ಣಿಗೆ ಮರಳು ಸುರಿದ ಹಾಗಾದ್ರೆ ಅದು ಕಸ ಅಲ್ಲ, ವೆಲ್ಡಿಂಗ್ ಬೆಳಕಿನ ಸುಟ್ಟಗಾಯ. ಹುಡುಕಿ ಕೆರೀಬೇಡಿ.

ಭತ್ತದ ಹೊಟ್ಟು, ಕಬ್ಬಿನ ಗರಿ

ಸುಗ್ಗಿ ಟೈಮಲ್ಲಿ ಬರೋ ಕೇಸ್‌ಗಳು ನಂಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸೋದು, ಯಾಕಂದ್ರೆ ಕಣ್ಣು ಹೋಗೋದು ಹೊಟ್ಟಿನಿಂದ ಅಲ್ಲ, ತಡ ಮಾಡಿದ್ರಿಂದ. ಒಕ್ಕಣೆ ಮಾಡೋವಾಗ ಹಾರಿದ ಹೊಟ್ಟು, ಕಬ್ಬು ಕಡಿಯೋವಾಗ ಗೀರಿದ ಗರಿ, ಬೇಲಿ ಮುಳ್ಳು, ತೆಂಗಿನ ಗರಿ, ಹಸು ಬಾಲ ಬೀಸಿ ಕಣ್ಣಿಗೆ ಹೊಡೆದಿದ್ದು, ಇವೆಲ್ಲದ್ರ ಜೊತೆ ಫಂಗಸ್ ಬರತ್ತೆ. ರೊಟ್ಟಿ ಮೇಲೆ ಹಿಡಿಯೋ ಬೂಷ್ಟಿನ ಜಾತಿದೇ. ಗೀರಿದ ಜಾಗದಲ್ಲಿ ಅದು ಬೇರು ಬಿಡಕ್ಕೆ ಕೆಲವು ದಿನ ತಗೊಳತ್ತೆ, ಮೊದಲ ಎರಡು ದಿನ ಪರವಾಗಿಲ್ಲ ಅನ್ಸತ್ತೆ, ಆಮೇಲೆ ಕಪ್ಪು ಭಾಗದ ಮೇಲೆ ಬೂದು ಬಿಳಿ ಚುಕ್ಕೆ ಕಾಣಿಸ್ಕೊಳತ್ತೆ. ನಮ್ಮ ಜನ ಅದಕ್ಕೆ ಹೂ ಬಿದ್ದಿದೆ ಅಂತಾರೆ. ಅಷ್ಟರಲ್ಲಿ ಮೆಡಿಕಲ್ ಸ್ಟೋರಲ್ಲಿ ಕಣ್ಣು ಕೆಂಪಾಗಿದೆ ಡ್ರಾಪ್ಸ್ ಕೊಡಿ ಅಂತ ಕೇಳಿ ಹಾಕ್ಕೊಂಡಿರ್ತಾರೆ, ಅದ್ರಲ್ಲಿ ಸ್ಟೀರಾಯ್ಡ್ ಇದ್ರೆ ಕೆಂಪು ಇಳಿಯತ್ತೆ, ಖುಷಿ ಆಗತ್ತೆ, ಒಳಗೆ ಫಂಗಸ್ ಮಾತ್ರ ತಡೆಯೋರಿಲ್ಲದೆ ಬೆಳೆಯತ್ತೆ. ಡ್ರಾಪ್ಸ್ ಹೆಸರಲ್ಲಿ ಅಥವಾ ಕೆಳಗೆ ಬರೆದಿರೋದ್ರಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಅಂತ ಇದ್ರೆ ಡಾಕ್ಟ್ರು ಹೇಳದೆ ಮುಟ್ಟಬೇಡಿ. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ರಸ, ಜೇನು ಬೇಡ. ಅಜ್ಜಿ ಪ್ರೀತಿಯಿಂದಲೇ ಹಾಕ್ತಾರೆ ಗೊತ್ತು, ಆದ್ರೆ ತೆರೆದ ಗಾಯಕ್ಕೆ ಶುದ್ಧ ಅಲ್ಲದ ಯಾವ ಹನಿನೂ ಬೀಳಬಾರ್ದು. ಗಿಡದ್ದು ಏನೇ ತಾಗಿರ್ಲಿ, ಮಾರನೇ ದಿನವೇ ಕಣ್ಣಿನ ಡಾಕ್ಟ್ರಿಗೆ ತೋರಿಸಿ, ಏನು ತಾಗಿದ್ದು ಅಂತ ತಪ್ಪದೆ ಹೇಳಿ.

ಸುಣ್ಣ ಮತ್ತು ಕೆಮಿಕಲ್

ಎಲೆ ಅಡಿಕೆ ಸುಣ್ಣದ ಪ್ಯಾಕೆಟ್ ಇದ್ಯಲ್ಲ, ಮಕ್ಕಳು ಅದನ್ನ ಹಿಚುಕಿ ಆಡ್ತಾರೆ, ಪಟ್ ಅಂತ ಒಡೆದು ಸೀದಾ ಕಣ್ಣಿಗೆ. ಸುಣ್ಣ ಕ್ಷಾರ, ಆಸಿಡ್‌ಗಿಂತ ಆಳಕ್ಕೆ ಇಳಿಯತ್ತೆ, ಇಳೀತಾನೇ ಇರತ್ತೆ. ಹಾಗಾಗಿ ಇಲ್ಲಿ ಒಂದೇ ಮದ್ದು, ನೀರು, ಅದೂ ಆ ಕ್ಷಣದಲ್ಲೇ, ಆಟೋ ಹುಡುಕೋಕೆ ಮುಂಚೆ. ಕೆನ್ನೆ ಮೇಲೆ ರೆಪ್ಪೆ ಮೇಲೆ ಇರೋ ಸುಣ್ಣನ ಮೊದ್ಲು ಬಟ್ಟೇಲಿ ಒರೆಸಿ ಬಿಸಾಕಿ, ಮಗುನ ಮಲಗಿಸಿ, ಒಬ್ಬರು ರೆಪ್ಪೆ ಎರಡನ್ನೂ ಬಿಡಿಸಿ ಹಿಡೀರಿ, ಇನ್ನೊಬ್ಬರು ಬಿಂದಿಗೆಗಟ್ಟಲೆ ನೀರು ಹುಯ್ಯಿರಿ, ಕನಿಷ್ಠ 30 ನಿಮಿಷ, ಗಡಿಯಾರ ನೋಡ್ಕೊಂಡು. ಮಗು ಕಿರುಚತ್ತೆ, ಕರುಳು ಚುರುಕ್ ಅನ್ನತ್ತೆ, ಆದ್ರೂ ನಿಲ್ಲಿಸ್ಬೇಡಿ. ಕೆಳಗಿನ ರೆಪ್ಪೆ ಸಂದಿಲಿ ಗಟ್ಟಿ ಸುಣ್ಣ ಕಾಣಿಸಿದ್ರೆ ಒದ್ದೆ ಬಟ್ಟೆ ತುದೀಲಿ ತೆಗೀರಿ. ನಿಂಬೆರಸ ವಿನೆಗರ್ ಹಾಕಿ ಸಮ ಮಾಡ್ತೀನಿ ಅಂತ ಹೋಗ್ಬೇಡಿ. ಆಮೇಲೆ ಆಸ್ಪತ್ರೆ, ದಾರೀಲೂ ಬಾಟ್ಲಿ ನೀರು ಹುಯ್ತಾ ಹೋಗಿ. ಪ್ಯಾಕೆಟ್ ಅಥವಾ ಔಷಧಿ ಡಬ್ಬಿ ಜೊತೆಗೆ ತನ್ನಿ.

ಒಳಗೆ ಹೊಕ್ಕಿದೆ ಅನ್ನೋ ಅನುಮಾನ ಬಂದ್ರೆ

ಇಲ್ಲಿಂದ ನಿಯಮ ಪೂರ್ತಿ ಉಲ್ಟಾ ಆಗತ್ತೆ. ನೀರು ಹಾಕ್ಬಾರ್ದು, ಡ್ರಾಪ್ಸ್ ಹಾಕ್ಬಾರ್ದು, ಆಯಿಂಟ್‌ಮೆಂಟ್ ಹಚ್ಬಾರ್ದು, ರೆಪ್ಪೆ ಬಲವಂತವಾಗಿ ಬಿಡಿಸ್ಬಾರ್ದು. ಯಾಕಂದ್ರೆ ಕಣ್ಣುಗುಡ್ಡೆ ಒಡೆದಿದ್ರೆ ನಾವು ಒತ್ತೋ ಒಂದು ಒತ್ತಿಗೆ ಒಳಗಿರೋದೆಲ್ಲ ಹೊರಗೆ ಬರಬಹುದು.

ಗುರುತು ಹೇಳ್ತೀನಿ: ಪಾಪೆ ದುಂಡಗಿಲ್ದೆ ನೀರಿನ ಹನಿ ತರ ಒಂದು ಕಡೆ ಎಳೆದಿರೋದು, ಕಪ್ಪು ಭಾಗದೊಳಗೆ ರಕ್ತ ನಿಂತಿರೋದು, ಬಿಳಿಗುಡ್ಡೆ ಮೇಲೆ ಕಂದು ಬಣ್ಣದ್ದು ಏನೋ ಇಣುಕ್ತಿರೋದು, ದೃಷ್ಟಿ ಇದ್ದಕ್ಕಿದ್ದಂಗೆ ಕಮ್ಮಿ ಆಗೋದು. ಆದ್ರೆ ಇವು ಯಾವ್ದೂ ಇಲ್ದೇನೂ ಇರಬಹುದು. ಆಲೆಮನೇಲಿ ಸುತ್ತಿಗೆ ಹಿಡ್ದು ಗಾಣದ ಪಿನ್ ಬಡೀತಿದ್ದ ಒಬ್ಬರು ನಮ್ಮಲ್ಲಿಗೆ ಬಂದಿದ್ದು ಎಂಟು ದಿನ ಆದ್ಮೇಲೆ. ಅವತ್ತು ಚುರ್ ಅಂತು ಸಾರ್, ಆಮೇಲೆ ನೋವೇ ಇರ್ಲಿಲ್ಲ ಅಂದ್ರು. ಬಿಳಿಗುಡ್ಡೆ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ, ಅಷ್ಟೇ. ಎಕ್ಸರೇಲಿ ಕಣ್ಣೊಳಗೆ ಕಬ್ಬಿಣದ ಚೂರು ಬೆಳ್ಳಗೆ ಹೊಳೀತಿತ್ತು. ಸುತ್ತಿಗೆ ಏಟಿಗೆ ಹಾರೋ ಚೂರು ಅಷ್ಟು ಸಣ್ಣದು, ಅಷ್ಟು ವೇಗ, ಹೊಕ್ಕ ತೂತು ತಾನೇ ಮುಚ್ಕೊಂಡ್ಬಿಡತ್ತೆ. ಆದ್ರೆ ಒಳಗಿರೋ ಕಬ್ಬಿಣ ನಿಧಾನಕ್ಕೆ ಕರಗಿ ಕಣ್ಣಿನ ಒಳಪದರನ ಹಾಳು ಮಾಡತ್ತೆ, ತಾಮ್ರ ಆದ್ರೆ ಇನ್ನೂ ಬೇಗ ಕೀವಿನ ತರ ಉರಿಯೂತ ತರತ್ತೆ. ಕಬ್ಬಿಣದ ಮೇಲೆ ಕಬ್ಬಿಣ ಹೊಡೀತಿದ್ದಾಗ ಕಣ್ಣಿಗೆ ಏನೋ ಬಡೀತು ಅಂದ್ರೆ, ನೋವಿದ್ರೂ ಇಲ್ದಿದ್ರೂ ಅವತ್ತೇ ತೋರಿಸಿ.

ಮಾಡ್ಬೇಕಾದ್ದು ಇಷ್ಟು. ಕೂರಿಸಿ ಅಥವಾ ತಲೆ ಎತ್ತರಕ್ಕಿಟ್ಟು ಒರಗಿಸಿ. ಟೀ ಕುಡಿಯೋ ಪೇಪರ್ ಕಪ್‌ನ ತಳದ ಭಾಗ ಕತ್ತರಿಸ್ಕೊಂಡು, ಹುಬ್ಬಿನ ಮೂಳೆ ಮತ್ತು ಕೆನ್ನೆ ಮೂಳೆ ಮೇಲೆ ಅಂಚು ಕೂರೋ ಹಾಗೆ ಮುಚ್ಚಿ ಟೇಪ್ ಹಾಕಿ, ಕಣ್ಣಿಗೆ ಏನೂ ತಾಗಬಾರ್ದು. ಹತ್ತಿ ಇಟ್ಟು ಬಿಗಿಯಾಗಿ ಬ್ಯಾಂಡೇಜ್ ಕಟ್ಟೋದು ಬೇಡ. ಊಟ ನೀರು ಕೊಡಬೇಡಿ, ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡೋ ಸಾಧ್ಯತೆ ಇರತ್ತೆ. ವಾಂತಿ ಬರ್ತಿದೆ ಅಂದ್ರೆ ಆಸ್ಪತ್ರೆ ಮುಟ್ಟಿದ ತಕ್ಷಣ ಅದನ್ನೇ ಮೊದ್ಲು ಹೇಳಿ, ವಾಂತಿ ಮಾಡೋವಾಗ ಕಣ್ಣಿನ ಮೇಲೆ ಬೀಳೋ ಒತ್ತಡ ಕೆಟ್ಟದ್ದು. 108ಕ್ಕೆ ಫೋನ್ ಮಾಡಿ. ಒಡೆದ ಕಣ್ಣುಗುಡ್ಡೆನ 24 ಗಂಟೆ ಒಳಗೆ ಹೊಲಿಯೋದು ನಮ್ಮ ಗುರಿ, ತಡ ಆದಷ್ಟೂ ಒಳಗೆ ಕೀವಾಗೋ ಭಯ ಜಾಸ್ತಿ. ಅದಕ್ಕೆ ದೊಡ್ಡ ಕಣ್ಣಿನ ಆಸ್ಪತ್ರೆಗೆ ಬರ್ಕೊಟ್ರೆ ನಾಳೆ ಹೋಗೋಣ ಅನ್ಬೇಡಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೇಲಿ ಇಂಥ ಗಾಯ ನೋಡೋ ಸರ್ಕಾರಿ ವ್ಯವಸ್ಥೆ ಇದೆ.

ಚುಚ್ಚಿದ್ದು ಹೊರಗೆ ಕಾಣ್ತಿದ್ರೆ, ಕಡ್ಡಿ ಆಗ್ಲಿ ಮೀನಿನ ಗಾಳ ಆಗ್ಲಿ, ಕೀಳಬೇಡಿ. ಅದೇ ಬಿರಡೆ ತರ ರಕ್ತ ತಡೆದಿರಬಹುದು. ಕಪ್ ತಳಕ್ಕೆ ತೂತು ಮಾಡಿ ಅದರಿಂದ ಚುಚ್ಚಿರೋದನ್ನ ಹೊರಗೆ ಬಿಟ್ಟು, ಸುತ್ತ ಬಟ್ಟೆ ಸುರುಳಿ ಇಟ್ಟು ಅಲ್ಲಾಡದ ಹಾಗೆ ಮಾಡಿ ಕರ್ಕೊಂಡ್ ಬನ್ನಿ. ತುಂಬಾ ಉದ್ದ ಇದ್ರೆ ಒಬ್ಬರು ಕೈಯಲ್ಲಿ ಆನಿಸಿ ಹಿಡ್ಕೊಂಡೇ ಕೂರ್ಲಿ.

ಕಣ್ಣಿನ ಗೂಡು: ಹೊರಗೆ ಚಿಕ್ಕ ಗಾಯ, ಒಳಗೆ ದೊಡ್ಡ ಕಥೆ

ಕಣ್ಣು ಕೂತಿರೋ ಮೂಳೆ ಗೂಡು ಏಳು ಮೂಳೆ ಸೇರಿ ಆಗಿರೋದು, ಒಳಗಿನ ಜಾಗ ಸುಮಾರು 30 ಎಂ.ಎಲ್., ಅಂದ್ರೆ ಎರಡು ದೊಡ್ಡ ಚಮಚ. ಮೂಗಿನ ಕಡೆ ಗೋಡೆ ಕಾಗದದಷ್ಟು ತೆಳು, ನೆಲದ ಕೆಳಗೆ ಸೈನಸ್ ಅನ್ನೋ ಗಾಳಿ ತುಂಬಿದ ಟೊಳ್ಳು, ಸೂರಿನ ಮೇಲೆ ಸೀದಾ ಮೆದುಳು. ಹಿಂದಕ್ಕೆ ಹೋಗ್ತಾ ಲಾಳಿಕೆ ತರ ಕಿರಿದಾಗತ್ತೆ, ಹಾಗಾಗಿ ಹೊಕ್ಕ ಕಡ್ಡಿ ಕಣ್ಣುಗುಡ್ಡೆ ಪಕ್ಕ ಜಾರ್ಕೊಂಡು ಹಿಂದಿನ ತುದಿವರೆಗೂ ಹೋಗಬಹುದು, ಕಣ್ಣಿಗೆ ಏನೂ ಆಗದೇನೇ.

ಒಂದು ಹುಡುಗನ್ನ ನಾನು ಮರೆಯಲ್ಲ, ಒಂಬತ್ತು ವರ್ಷ ಇರಬಹುದು. ಕೋಳಿ ಅಟ್ಟಿಸ್ಕೊಂಡು ಹೋಗಿ ಬಿದಿರಿನ ಬೇಲಿ ಮೇಲೆ ಮುಗ್ಗರಿಸಿದ್ದ. ಮೇಲಿನ ರೆಪ್ಪೆ ಮೇಲೆ ಅಕ್ಕಿ ಕಾಳಷ್ಟು ಗಾಯ, ಬೇರೆ ಕಡೆ ತೋರಿಸಿದ್ದಕ್ಕೆ ಒಂದು ಹೊಲಿಗೆ ಹಾಕಿ ಕಳ್ಸಿದ್ರು, ಕಣ್ಣು ಚೆನ್ನಾಗೇ ಕಾಣ್ತಿತ್ತು. ಮೂರು ವಾರ ಆದ್ಮೇಲೆ ರೆಪ್ಪೆ ಊದಿ, ಅದೇ ಜಾಗದಿಂದ ಕೀವು, ಮಾತ್ರೆ ನುಂಗಿದ್ರೆ ಇಳಿಯೋದು, ನಿಲ್ಲಿಸಿದ್ರೆ ಮತ್ತೆ ಬರೋದು. ಎಕ್ಸರೇ ಕ್ಲೀನ್. ಜೊತೇಲಿ ಬಂದಿದ್ದ ಅಜ್ಜಿನ ಆ ಕಡ್ಡಿ ಮುರಿದಿತ್ತಾ ಅಂತ ಕೇಳಿದ್ದಕ್ಕೆ, "ಮುರ್ದಿತ್ತು ಕಣಪ್ಪಾ, ಇನ್ನೊಂದ್ ತುಂಡು ಎಲ್ಲಿ ಹುಡುಕಿದ್ರೂ ಸಿಗ್ನಿಲ್ಲ" ಅಂದ್ರು. ಮೂರು ವಾರದಿಂದ ಯಾರೂ ಅವರನ್ನ ಆ ಮಾತು ಕೇಳಿರ್ಲಿಲ್ಲ. ಸಿಟಿ ಸ್ಕ್ಯಾನಲ್ಲಿ ಗೂಡಿನ ಸೂರಿಗೆ ಒತ್ಕೊಂಡು ಒಂದು ಕಪ್ಪು ಗೆರೆ, ಗಾಳಿ ಅಂತಲೇ ಅನ್ಕೋಬಹುದಾಗಿತ್ತು, ಆದ್ರೆ ಗಾಳಿ ಅಷ್ಟು ನೆಟ್ಟಗೆ ಗೆರೆ ಎಳೆದ ಹಾಗೆ ಇರಲ್ಲ. ಆಪರೇಷನ್ ಮಾಡಿ ತೆಗೆದ ಬಿದಿರು ನನ್ನ ಕಿರುಬೆರಳಿನ ಅರ್ಧ ಉದ್ದ ಇತ್ತು, ನೆನೆದು ಮೆತ್ತಗಾಗಿತ್ತು.

ಅದಕ್ಕೇ ಹೇಳೋದು, ಮರದ ಕಡ್ಡಿ ಎಕ್ಸರೇಲಿ ಕಾಣಲ್ಲ. ಸಿಟಿ ಸ್ಕ್ಯಾನಲ್ಲೂ ಒಣ ಮರ ಗಾಳಿ ತರ ಕಪ್ಪಗೆ ಕಾಣತ್ತೆ, ಮರ ಅಂತ ಹೇಳಿದ್ರೆ ಮಾತ್ರ ನೋಡೋರು ಅದನ್ನ ಹುಡುಕ್ತಾರೆ. ಎಂಆರ್‌ಐ ಮರಕ್ಕೆ ಉಪಯೋಗ ಆಗತ್ತೆ, ಆದ್ರೆ ಕಬ್ಬಿಣ ಇರೋ ಅನುಮಾನ ಚೂರಿದ್ರೂ ಮಾಡ್ಬಾರ್ದು, ಆ ಮೆಷಿನ್ ಒಳಗಿನ ಅಯಸ್ಕಾಂತ ಕಬ್ಬಿಣನ ಒಳಗೇ ಎಳೆದಾಡತ್ತೆ. ಹಾಗಾಗಿ ಮುರಿದ ಕಡ್ಡಿ, ಪೆನ್ಸಿಲ್, ಗಾಜು, ಉಳಿದ ತುಂಡನ್ನ ಕವರಲ್ಲಿ ಹಾಕ್ಕೊಂಡು ತನ್ನಿ, ಇಡೀ ಕಡ್ಡಿಯ ಉದ್ದ ಎಷ್ಟಿತ್ತು ಅಂತ ನೆನಪಿಟ್ಕೊಳ್ಳಿ. ರೆಪ್ಪೆ ಗಾಯದಲ್ಲಿ ಹಳದಿ ಕೊಬ್ಬು ಇಣುಕ್ತಿದ್ರೆ ಗಾಯ ಗೂಡಿನೊಳಗೆ ಹೋಗಿದೆ ಅಂತ ಅರ್ಥ, ಎಳೀಬೇಡಿ, ಒಳಗೆ ತುರುಕಬೇಡಿ. ಮೂಗಿಂದ ತಿಳಿ ನೀರು ಹನೀತಿದ್ರೆ, ಮಂಪರು ಬರ್ತಿದ್ರೆ ಮೆದುಳಿಗೆ ತಾಗಿರಬಹುದು. ಟೆಟನಸ್ ಇಂಜೆಕ್ಷನ್ ಕೊನೇ ಸಲ ಯಾವಾಗ ಆಯ್ತು ಅಂತ ಹೇಳಿ.

ಸಿಕ್ಕಿದ್ದನ್ನೆಲ್ಲ ತೆಗೀತಾರೆ ಅಂತಲೂ ಇಲ್ಲ. ಮರ, ಗಿಡದ ತುಂಡು ತೆಗೀಲೇಬೇಕು. ಆಳದಲ್ಲಿ ಕೂತಿರೋ ನುಣುಪಾದ ಗಾಜು, ಛರ್ರೆ ಗುಂಡು, ತೊಂದ್ರೆ ಕೊಡ್ತಿಲ್ಲ ಅಂದ್ರೆ ಅಲ್ಲೇ ಬಿಡೋದೂ ಉಂಟು, ತೆಗೆಯಕ್ಕೆ ಹೋಗಿ ನರಕ್ಕೆ ಪೆಟ್ಟಾಗೋದು ಬೇಡ ಅಂತ. ಡಾಕ್ಟ್ರು ಹಾಗಂದ್ರೆ ಗಾಬರಿ ಆಗ್ಬೇಡಿ, ಆದ್ರೆ ಮುಂದೆ ಯಾವತ್ತಾದ್ರೂ ಎಂಆರ್‌ಐ ಮಾಡೋವಾಗ ಹೇಳೋದು ಮರೀಬೇಡಿ.

ಕ್ರಿಕೆಟ್ ಬಾಲ್, ಮುಷ್ಟಿ, ಬೈಕ್ ಹ್ಯಾಂಡಲ್ ಏಟಿಗೆ ಗೂಡಿನ ನೆಲ ಬಿರುಕು ಬಿಡತ್ತೆ. ಎರಡೆರಡು ಕಾಣೋದು, ಕೆನ್ನೆ ಜೋಮು ಹಿಡಿಯೋದು ಅದರ ಗುರುತು. ಮೂಗು ಸೀದಬೇಡಿ, ಸೈನಸ್ ಗಾಳಿ ಗೂಡಿಗೆ ನುಗ್ಗಿ ರೆಪ್ಪೆ ಚೆಂಡಿನ ತರ ಊದತ್ತೆ. ಮಕ್ಕಳಲ್ಲಿ ಕೆಲವು ಸಲ ಕಣ್ಣು ಕೆಂಪೂ ಆಗಿರಲ್ಲ, ಆದ್ರೆ ಮೇಲೆ ನೋಡು ಅಂದ್ರೆ ಒಂದು ಕಣ್ಣು ಹೋಗಲ್ಲ, ವಾಂತಿ ಮಾಡ್ತಿರ್ತಾರೆ. ಬಿರುಕಲ್ಲಿ ಸ್ನಾಯು ಸಿಕ್ಕಾಕೊಂಡಿರತ್ತೆ, ಅದೂ ಅರ್ಜೆಂಟೇ. ಇನ್ನೊಂದು, ಏಟಾದ್ಮೇಲೆ ಕಣ್ಣು ಮುಂದಕ್ಕೆ ಉಬ್ಬಿ, ಸಹಿಸಕ್ಕಾಗದ ನೋವು, ನೋಡ್ತಾ ನೋಡ್ತಾ ದೃಷ್ಟಿ ಮಂಕಾಗ್ತಿದೆ ಅಂದ್ರೆ ಹಿಂದೆ ರಕ್ತ ತುಂಬ್ಕೊಂಡು ನರನ ಹಿಚುಕ್ತಿದೆ. ಅಲ್ಲಿ ನಮ್ಮ ಕೈಲಿರೋದು ಒಂದೂವರೆ ಎರಡು ಗಂಟೆ. ರೆಪ್ಪೆ ಹೊರ ಮೂಲೆ ಕತ್ತರಿಸಿ ಒತ್ತಡ ಇಳಿಸ್ತಾರೆ, ಹತ್ತಿರದ ಎಮರ್ಜೆನ್ಸಿಗೇ ಓಡಿ, ದೂರದ ಹೆಸರಾಂತ ಆಸ್ಪತ್ರೆ ಹುಡುಕ್ಬೇಡಿ.

ಮನೆಗೆ ಬಂದ್ಮೇಲೆ

ಡ್ರಾಪ್ಸ್ ಗಂಟೆಗೊಂದು ಸಲ ಅಂದ್ರೆ ಗಂಟೆಗೊಂದು ಸಲವೇ, ಫೋನಲ್ಲಿ ಅಲಾರಾಂ ಇಟ್ಕೊಳ್ಳಿ. ತಲೆಗೆ ಸ್ನಾನ, ಹೊಗೆ ಒಲೆ, ಭಾರ ಎತ್ತೋದು, ಡಾಕ್ಟ್ರು ಹೇಳೋವರೆಗೂ ಬೇಡ. ಕೆಲಸಕ್ಕೆ ವಾಪಸ್ ಹೋದ್ರೆ ಪಕ್ಕನೂ ಮುಚ್ಚೋ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ, ಮಾಮೂಲಿ ಕೂಲಿಂಗ್ ಗ್ಲಾಸ್ ಕಿಡಿ ತಡೆಯಲ್ಲ.

ಕಣ್ಣುಗುಡ್ಡೆ ಒಡೆದು ಹೊಲಿಗೆ ಹಾಕಿದ್ರೆ ಚೆನ್ನಾಗಿರೋ ಇನ್ನೊಂದು ಕಣ್ಣಿನ ಮೇಲೂ ನಿಗಾ ಇಡ್ಬೇಕು. ಗಾಯ ಆದ ವಾರಗಳ ನಂತರ, ಕೆಲವು ಸಲ ವರ್ಷಗಳ ನಂತರವೂ, ದೇಹದ ರಕ್ಷಣಾ ವ್ಯವಸ್ಥೆ ತಪ್ಪಿ ಆ ಕಣ್ಣಿನ ಮೇಲೂ ದಾಳಿ ಮಾಡಬಹುದು. ಅಪರೂಪ, ಆದ್ರೆ ಆಗತ್ತೆ. ಬ್ರೈಲ್ ಲಿಪಿ ಕಂಡುಹಿಡಿದ ಲೂಯಿ ಬ್ರೈಲ್ 1812ರಲ್ಲಿ ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಚರ್ಮದ ಕೆಲಸದ ಕೋಣೇಲಿ ಆಡ್ತಾ ಉಳಿಯಂಥ ಚೂಪು ಸಲಕರಣೆ ಒಂದು ಕಣ್ಣಿಗೆ ಚುಚ್ಕೊಂಡ್ರು, ಐದು ವರ್ಷ ಆಗೋಷ್ಟರಲ್ಲಿ ಎರಡೂ ಕಣ್ಣು ಹೋಗಿತ್ತು. ಆಗ ಮದ್ದಿರ್ಲಿಲ್ಲ, ಈಗ ಇದೆ, ಬೇಗ ಬಂದ್ರೆ ಉಳಿಸ್ತೀವಿ. ಒಳ್ಳೇ ಕಣ್ಣು ಕೆಂಪಾದ್ರೆ, ಬಿಸಿಲು ನೋಡಿದ್ರೆ ನೋವಾದ್ರೆ, ಹತ್ತಿರದ ಅಕ್ಷರ ಓದಕ್ಕೆ ಮಬ್ಬಾದ್ರೆ, ಹಳೇ ಚೀಟಿ ಹಿಡ್ಕೊಂಡು ಅವತ್ತೇ ಬನ್ನಿ, ಮುಂದಿನ ಚೆಕಪ್ ಡೇಟ್ ಕಾಯ್ಬೇಡಿ.